ಎಲೆಯು ಅಡಿಕೆಗೆ ಜಾಮೀನು ನಿಂತೀತೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಬಂದವರ ಮುಂದೆ ಎಲೆಯಡಿಕೆಯ ತಟ್ಟೆಯನ್ನಿಡದೆ ಉಪಚಾರ ಪೂರ್ಣವಾಗದು. ತೋಟದ ಒಡೆಯನಿಗೆ ಅಡಿಕೆಯೇ ಅನ್ನ. ಮದುವೆ ಮುಂಜಿಗಳಿಗೆ ಅದೇ ಮಂಗಳದ್ರವ್ಯ. ಅಂಥ ಅಡಿಕೆಯು, ಹೊಗೆಸೊಪ್ಪು ಬೆರೆಯದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಸಾರಿತು. ಅಡಿಕೆಯ ದೋಷವನ್ನು ಎಲೆ ಕಳೆಯುವುದೆಂದು ಸಮಾಧಾನ ತಂದುಕೊಳ್ಳುವವರುಂಟು. ಈ ನಂಬಿಕೆಯನ್ನು ಪರೀಕ್ಷಿಸದೆ ತಳ್ಳಿಹಾಕುವುದು ನ್ಯಾಯವಲ್ಲ.

ಕೆಲವು ರಾಸಾಯನಿಕಗಳು ಜೀವಕೋಶದೊಳಗಿನ ವಂಶವಾಹಿಗಳನ್ನು ಕೆಡಿಸುತ್ತವೆ. ಆ ಕೇಡೇ ಎಷ್ಟೋ ವೇಳೆ ಕ್ಯಾನ್ಸರಿನ ಬೀಜ. 1980ರ ದಶಕದಲ್ಲಿ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥ ರಾಸಾಯನಿಕಗಳೊಡನೆ ವೀಳ್ಯದೆಲೆಯ ಸಾರವನ್ನು ಸೇರಿಸಿ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿದರು. ಸಾರವಿದ್ದಲ್ಲಿ ಕೇಡು ತಗ್ಗಿತು. ಎಲೆಯಲ್ಲಿನ ಹೈಡ್ರಾಕ್ಸಿಚಾವಿಕಾಲ್ ಎಂಬ ದ್ರವ್ಯಕ್ಕೆ ಆ ಗುಣವುಂಟೆಂದು ಅವರು ಕಂಡರು. ನಮ್ಮ ಕಾಡಿನ ನೆಲ್ಲಿಕಾಯಿಯೂ ಹೀಗೆಯೇ. ಸೀಸದ ಲವಣದಿಂದ ಇಲಿಗಳ ಅಸ್ಥಿಮಜ್ಜೆಯಲ್ಲಿ ವರ್ಣತಂತುಗಳು ಮುರಿಯುವುದನ್ನು ಅದರ ಸಾರ ತಗ್ಗಿಸಿತೆಂದು ಕಲಕತ್ತೆಯ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. ಬರಿಯ 'ಸಿ' ಜೀವಸತ್ವಕ್ಕಿಂತ ಇಡೀ ಹಣ್ಣಿನ ಸಾರವೇ ಮೇಲಾಗಿತ್ತೆಂಬುದು ವಿಶೇಷ.

ಇಂಥ ಸಾರಗಳಲ್ಲಿ ಕೆಲವು, ಕೋಶವನ್ನು ಸುಡುವ ಉಗ್ರ ಆಮ್ಲಜನಕದ ಕಣಗಳನ್ನು ಶಮನಗೊಳಿಸುತ್ತವೆ. ಕೆಲವು, ರಾಸಾಯನಿಕವು ದೇಹದೊಳಗೆ ವಿಷರೂಪ ತಾಳುವುದನ್ನೇ ತಡೆಯುತ್ತವೆ. ಆದರೆ ಪ್ರಯೋಗಶಾಲೆಯಲ್ಲಿ ಸಾರದ ಪ್ರಮಾಣ ಗೊತ್ತು, ವಿಷದ ಪ್ರಮಾಣವೂ ಗೊತ್ತು. ಬಾಯಿಯ ಲೆಕ್ಕ ಬೇರೆ. ಕವಳವು ಗಳಿಗೆಗಟ್ಟಲೆ ದವಡೆಯಲ್ಲಿರುತ್ತದೆ; ಅಡಿಕೆಯ ಚೊಗರಿಗೆ ಸುಣ್ಣ ಸೇರಿದೊಡನೆ ಅದೇ ಉಗ್ರ ಕಣಗಳು ಹುಟ್ಟುತ್ತವೆ; ಇದು ದಿನದಿನವೂ, ವರ್ಷಾನುಗಟ್ಟಲೆ ನಡೆಯುತ್ತದೆ. 2004ರ ತೀರ್ಮಾನಕ್ಕೆ ಆಧಾರವಾದವರು ಬರಿಯ ಅಡಿಕೆ ಮೆದ್ದವರಷ್ಟೇ ಅಲ್ಲ, ಎಲೆ ಸುಣ್ಣಗಳೊಡನೆ ಕವಳ ಹಾಕಿದವರೂ ಹೌದು. ಎಲೆ ಅವರ ಜೊತೆಯಲ್ಲಿಯೇ ಇತ್ತು. ಆದರೂ ಅವರನ್ನು ಕಾಯಲಿಲ್ಲ.

ಬೆಳೆಗಾರನ ಸಂಕಟ ದೊಡ್ಡದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅವನ ಬದುಕಿಗಾಗಿ ಅವನದೇ ಮನೆಯವರ ಬಾಯಿಯನ್ನು ಒತ್ತೆಯಿಡಬೇಕಾಗಿಲ್ಲ. ಖಾರ ತಾಗಿದೊಡನೆ ಬಾಯುರಿ, ಬರಬರುತ್ತ ಬಾಯಿ ತೆರೆಯಲು ಬಿಗಿತ, ಕೆನ್ನೆಯೊಳಗೆ ಮಾಯದ ಬಿಳಿಯ ಅಥವಾ ಕೆಂಪು ಮಚ್ಚೆ—ಇವು ಕಂಡಲ್ಲಿ ಕವಳವನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಎಲೆಯ ಗುಣವನ್ನು ವಿಜ್ಞಾನಿಗಳು ಇನ್ನೂ ಶೋಧಿಸಲಿ. ಅದರಿಂದ ನಾಳೆ ಮದ್ದೊಂದು ದೊರೆತರೆ ಸಂತೋಷವೇ. ಅಲ್ಲಿಯವರೆಗೆ ಅಡಿಕೆಯು ಮಂಗಳದ ತಟ್ಟೆಯಲ್ಲಿರಲಿ, ದವಡೆಗೆ ಬೇಡ.