ದಡ್ಡರು ಯಾರು?

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ 91 ಮಕ್ಕಳು ಪಾಸಾದರು. ನಮ್ಮ ಕಲಬುರಗಿಯಲ್ಲಿ 42. ಇಡೀ ರಾಜ್ಯದಲ್ಲಿ ಕಟ್ಟಕಡೆಯ ಜಾಗ ನಮ್ಮದೇ. ಇಂಥ ಸುದ್ದಿ ಬಂದ ಮರುದಿನ ಚಹಾದಂಗಡಿಯಲ್ಲಿ ಏನು ಮಾತು? 'ಈ ಕಡೀ ಹುಡುಗುರು ದಡ್ಡರ ಬಿಡ್ರಿ.' ಕೇರಿಯ ಹುಡುಗರಾದರೆ ಇನ್ನೊಂದು ಮಾತು ಸೇರುತ್ತದೆ: 'ಇವರ ತಲಿಗೆ ವಿದ್ಯಾ ಎಲ್ಲಿ ಹತ್ತತದ?' ಸಾಲಿಯಲ್ಲಿ ನಾವೂ ಈ ಮಾತು ಕೇಳಿದವರೇ. ಕೇಳಿ ಕೇಳಿ ನಂಬಿಯೂ ಇದ್ದೆವು. ಈಗ ಇದರ ಲೆಕ್ಕ ಕೇಳಬೇಕಾಗಿದೆ.

ಮೊದಲು ಮನೆ ನೋಡೋಣ. ಶಹಾಬಾದ್, ಚಿತ್ತಾಪುರದ ಕಡೆ ಫರಸಿ ಕಲ್ಲಿನ ಖಣಿ. ನಮ್ಮವರು ಕಡಿದ ಕಲ್ಲು ಯಾರ್ಯಾರದೋ ಮನೆಯ ನೆಲವಾಯಿತು. ವಾಡಿ, ಸೇಡಂನ ಸಿಮೆಂಟು ಯಾವ್ಯಾವುದೋ ಊರಿನ ಗೋಡೆಯಾಯಿತು. ಕಲ್ಲು ಹೊತ್ತವನ ಮಗನಿಗೆ ಕುಂತು ಓದಲು ಒಂದು ಮೂಲೆ ಇಲ್ಲ. ಚಿಂಚೋಳಿಯ ಕೇರಿ, ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಮಕ್ಕಳು ಹಿಂದೆ ಹೋದರೆ ಸಾಲಿ ಇಲ್ಲ, ಊರಲ್ಲೇ ಉಳಿದರೆ ಅಪ್ಪ ಅವ್ವ ಇಲ್ಲ. ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ. ಮಾಸ್ತರು ಪಾಠ ಮುಗಿಸುವ ಹೊತ್ತಿಗೆ ಹುಡುಗ ಹೊಲದಲ್ಲಿರುತ್ತಾನೆ. ಅವ್ವ ಕೂಲಿಗೆ ಹೋದರೆ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಮನೆ ಕಾಯುವವಳು ಅಕ್ಕ. ಅಕೀ ಹಾಜರಿ ಯಾರು ಹಾಕಬೇಕು?

ಒಂದು ಮನೆಯಲ್ಲಿ ಅಪ್ಪ ಕೂತು ಗಣಿತ ತಿದ್ದುತ್ತಾನೆ, ಸಂಜೆ ಟ್ಯೂಷನ್ ಬೇರೆ. ಇನ್ನೊಂದು ಮನೆಯಲ್ಲಿ ಅಂಕಪಟ್ಟಿಯಲ್ಲಿ ಏನಿದೆ ಎಂದು ಅಪ್ಪನಿಗೆ ಮಗನೇ ಓದಿ ಹೇಳಬೇಕು. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಇದಕ್ಕೆ ಸಮಾನ ಅವಕಾಶ ಅಂತ ಹೆಸರಿಟ್ಟಿದ್ದಾರೆ!

ಇದು ಒಂದು ತಲೆಮಾರಿನ ಕತೆಯಲ್ಲ. 1948ರವರೆಗೆ ಇದು ನಿಜಾಮನ ಸೀಮೆ. ಕಚೇರಿಯ ಭಾಷೆ ಉರ್ದು. ನಮ್ಮ ಅಜ್ಜಂದಿರಿಗೆ ಸಾಲಿಯ ಬಾಗಿಲೇ ಕಾಣಲಿಲ್ಲ. 2002ರ ನಂಜುಂಡಪ್ಪ ವರದಿ ಸೇಡಂ, ಚಿತ್ತಾಪುರ, ಚಿಂಚೋಳಿಯನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ 371ಜೆ ಜಾರಿಗೆ ಬಂತು. ಕಾಲೇಜು ಸೀಟು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು, ಒಳ್ಳೆಯದೇ. ಆದರೆ ಅದನ್ನು ಮುಟ್ಟಬೇಕಾದರೆ ಮೊದಲು ಹತ್ತನೆಯದು ದಾಟಬೇಕಲ್ಲ?

ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞ ಲಕ್ಷಾಂತರ ಮಕ್ಕಳನ್ನು ಪರೀಕ್ಷಿಸಿ ವರದಿ ಕೊಟ್ಟ. ಶಾಲೆಯ ಕಟ್ಟಡ, ಸಾಮಾನುಗಳಿಗಿಂತ ಮನೆಯ ಸ್ಥಿತಿಯೇ ಮಗುವಿನ ಅಂಕವನ್ನು ಹೆಚ್ಚು ನಿರ್ಧರಿಸುತ್ತದೆ ಎಂದ. ಪಕ್ಕದಲ್ಲಿ ಕುಂತು ಓದುವ ಗೆಳೆಯರು ಎಂಥವರು ಎನ್ನುವುದೂ ಮುಖ್ಯ ಎಂದ. 'ಹಾಗಾದರೆ ಶಾಲೆ ಏನೂ ಮಾಡಲಾರದು' ಎಂದು ಕೈತೊಳೆದುಕೊಂಡವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಮನೆ ಕೊಡಲಾಗದ್ದನ್ನು ಸರ್ಕಾರ ಕೊಡಬೇಕು ಎಂದೇ ಅದರ ಅರ್ಥ.

ಬಡತನ ಒಂದೇ ಅಲ್ಲ, ಜಾತಿಯೂ ಇದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟರು. 2004ರಲ್ಲಿ ಅದರ ವರದಿ ಬಂತು. ಜಾತಿ ಹೇಳದಿದ್ದಾಗ ದಲಿತ ಹುಡುಗರೂ ಮೇಲ್ಜಾತಿ ಹುಡುಗರೂ ಸರಿಸಮ ಬಿಡಿಸಿದರು. ಎಲ್ಲರೆದುರು ಜಾತಿ ಕೂಗಿ ಹೇಳಿದಾಗ ದಲಿತ ಹುಡುಗರು ಹಿಂದೆ ಬಿದ್ದರು. ತಲೆ ಅಂಥದೇ, ಒಗಟು ಅದೇ. ನಡುವೆ ಬಂದದ್ದು ಏನು? ಹಾಜರಿ ಕರೆಯುವಾಗ 'ಎಸ್ಸಿ ಹುಡುಗುರು ಎದ್ದು ನಿಲ್ರಿ' ಅಂದಾಗ ನಮ್ಮ ಎದೆಯಲ್ಲಿ ಆದದ್ದೂ ಅದೇ.

ಆದ್ದರಿಂದ ಹಾಸ್ಟೆಲ್ ಗೆಳೆಯರೆ, ಹಾಸ್ಟೆಲ್ ಅಂದರೆ ಅನ್ನ ಸಾರು ಮಾತ್ರ ಅಲ್ಲ. ಮನೆಯಲ್ಲಿ ಇಲ್ಲದ ಓದುವ ಮೂಲೆ ಅದು. ಊಟಕ್ಕಾಗಿ ಜಗಳಾಡಿದ ಹಾಗೆಯೇ ಓದುವ ಕೋಣೆ, ದೀಪ, ಪುಸ್ತಕ, ಸಂಜೆ ಗಣಿತ ಇಂಗ್ಲಿಷು ಕಲಿಸುವವರಿಗಾಗಿಯೂ ಕೇಳಬೇಕು. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಇನ್ನೊಂದು ಮಾತು, ಇದು ನಮಗೆ ನಾವೇ ಹೇಳಿಕೊಳ್ಳುವುದು. ಹಾಸ್ಟೆಲ್ ಸೇರಿದ ಮೇಲೆ ನಾವು ಕೇರಿ ಮರೆತೆವು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದೆ. ಫೇಲಾದ ಎಷ್ಟೋ ಮಕ್ಕಳಿಗೆ ಇದನ್ನು ಹೇಳುವವರಿಲ್ಲ, ನೆಟ್ಟಗೆ ಖಣಿಗೆ ಹೋಗುತ್ತಾರೆ. ಈ ಸಲ ಫಲಿತಾಂಶದ ದಿನ ಊರಿಗೆ ಹೋಗೋಣ. ಫೇಲಾದ ತಮ್ಮ ತಂಗಿಯ ಮನೆ ಮುಂದೆ ಕುಂದ್ರೋಣ. ಅರ್ಜಿ ತುಂಬಿಸೋಣ, ಎರಡು ವಾರ ಜೊತೆ ಕುಂತು ಓದಿಸೋಣ. 'ನೀ ದಡ್ಡ ಅಲ್ಲೋ ತಮ್ಮಾ' ಅಂತ ಅವನಿಗೆ ಹೇಳುವವರು ನಾವಲ್ಲದೆ ಇನ್ಯಾರು?