ಎಣ್ಣೆಕಾಳಿಗೆ ಬಾಟ್ಲಿ ಔಷಧಿ ಆಮೇಲೆ, ಮಣ್ಣು ಮೊದಲು

ಮಂಡ್ಯ: ನಾಲೇಲಿ ನೀರು ಬಂದ್ರೆ ಭತ್ತ, ಕಬ್ಬು. ಬರದಿದ್ರೆ ರಾಗಿ, ಹುರುಳಿ, ಎಳ್ಳು, ಕಡ್ಲೆಕಾಯಿ. ಜಿಲ್ಲೆಯ ಬೇಸಾಯದ ಲೆಕ್ಕಾಚಾರ ಹೆಚ್ಚುಕಮ್ಮಿ ಇಷ್ಟೇ. ಮಳವಳ್ಳಿಯ ಹಲಗೂರು ಕಡೆ, ಮಂಡ್ಯದ ಬಸರಾಳು ಕಡೆ, ಮದ್ದೂರಿನ ನಾಲೆ ಕೊನೆಯ ಊರುಗಳಲ್ಲಿ ಮಳೆ ನಂಬಿದವರೇ ಜಾಸ್ತಿ. 2023ರಲ್ಲಿ ಕೆಆರ್‌ಎಸ್ 124.80 ಅಡಿ ಮುಟ್ಟಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷ ಮತ್ತೆ ಬರಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಮಳೆ ಕೈಕೊಟ್ಟಾಗ ರೈತ ಮೊದಲು ಹೋಗೋದು ಗೊಬ್ಬರದ ಅಂಗಡಿಗೆ. ‘ಪೈರು ಬಾಡ್ತಾ ಐತೆ, ಏನಾದ್ರೂ ಕೊಡಣ್ಣ’ ಅಂತಾನೆ. ಅಲ್ಲಿ ಸಿಗೋದು ಬಣ್ಣದ ಬಾಟ್ಲಿ. ಆದ್ರೆ ಎಣ್ಣೆಕಾಳಿನ ವಿಷಯದಲ್ಲಿ ಇಳುವರಿ ತೀರ್ಮಾನ ಆಗೋದು ಬಾಟ್ಲಿಯಿಂದಲ್ಲ, ಅದಕ್ಕಿಂತ ಮುಂಚೆ ಮಣ್ಣಿಗೆ ಏನು ಹಾಕಿದ್ದೀವಿ ಅನ್ನೋದರಿಂದ.

ಬೆಲೆ ಇದೆ, ಬೆಳೆ ಬೇಕು

2025-26ರ ಮುಂಗಾರಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ ಎಳ್ಳು 9,846 ರೂ., ಹುಚ್ಚೆಳ್ಳು 9,537 ರೂ., ಸೂರ್ಯಕಾಂತಿ 7,721 ರೂ., ಕಡ್ಲೆಕಾಯಿ 7,263 ರೂ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತೆ. ಅದಕ್ಕೇ 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂ. ವೆಚ್ಚದ ಎಣ್ಣೆಕಾಳು ಮಿಷನ್‌ಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಆದ್ರೆ ಎಕರೆಗೆ ನಾಲ್ಕು ಮೂಟೆ ಕೂಡ ಆಗದಿದ್ರೆ ಈ ಬೆಲೆ ಕಟ್ಕೊಂಡು ಏನು ಮಾಡೋದು?

ಮಣ್ಣಿನಲ್ಲಿ ಏನು ಕೊರತೆ?

ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಸಾವಯವ ಅಂಶ ಕಮ್ಮಿ. ನೀರು ಹಿಡಿದಿಟ್ಟುಕೊಳ್ಳಲ್ಲ. ಎರಡು ವಾರ ಮಳೆ ತಪ್ಪಿದ್ರೆ ಪೈರು ತಲೆ ಬಗ್ಗಿಸುತ್ತೆ. ಬಿತ್ತನೆಗೆ ಮುಂಚೆ ಕೊಟ್ಟಿಗೆ ಗೊಬ್ಬರ ಹಾಕಿದ ಹೊಲ ಅಷ್ಟು ಬೇಗ ಸೋಲಲ್ಲ. ಇದು ಹೊಸ ವಿದ್ಯೆಯಲ್ಲ, ದನ ಕಮ್ಮಿಯಾದ ಮೇಲೆ ಬಿಟ್ಟುಹೋದ ವಿದ್ಯೆ.

ಎರಡನೇದು ಗಂಧಕ. ಕಾಳಿನಲ್ಲಿ ಎಣ್ಣೆ ತುಂಬಬೇಕಾದ್ರೆ ಗಂಧಕ ಬೇಕೇ ಬೇಕು. ಎಲ್ಲರೂ ಕೇಳೋ ಡಿಎಪಿಯಲ್ಲಿ ಅದು ಇಲ್ಲ. ಸೂಪರ್ ಫಾಸ್ಫೇಟ್‌ನಲ್ಲಿ ರಂಜಕದ ಜೊತೆಗೆ ಶೇ. 11ರಷ್ಟು ಗಂಧಕ ಇದೆ. ಡಿಎಪಿ ಸಿಗಲಿಲ್ಲ ಅಂತ ಕೊರಗೋ ಎಣ್ಣೆಕಾಳು ಬೆಳೆಗಾರನಿಗೆ ಸೂಪರ್ ಬರೀ ಬದಲಿ ಅಲ್ಲ, ಒಂದು ಕೈ ಮೇಲೇ.

ಕಡ್ಲೆಕಾಯಿಗೆ ಜಿಪ್ಸಂ ಬೇರೆ ಬೇಕು. ಹೂವಿನಿಂದ ಸೂಜಿಯಂಥ ಎಳೆ ಮಣ್ಣಿಗಿಳಿದು ಅಲ್ಲೇ ಕಾಯಿ ಕಟ್ಟುತ್ತೆ. ಆ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಎಳೆದುಕೊಳ್ಳುತ್ತೆ. ಎಲೆ ಮೇಲೆ ಎಷ್ಟೇ ಹೊಡೆದ್ರೂ ಅದು ಕಾಯಿಗೆ ಇಳಿಯಲ್ಲ. ಎಕರೆಗೆ 200 ಕೆಜಿ ಜಿಪ್ಸಂ ಹಾಕಿ, ಮಣ್ಣಲ್ಲಿ ಹಸಿ ಇರುವಾಗಲೇ ಗಿಡದ ಬುಡಕ್ಕೆ ಮಣ್ಣು ಏರಿಸಬೇಕು. ಇಲ್ಲದಿದ್ರೆ ಜೊಳ್ಳು ಕಾಯಿಯೇ ಗತಿ.

ಸಿಂಪಡಣೆ ಯಾವಾಗ?

ಸಿಂಪಡಣೆ ದಂಡ ಅಂತಲ್ಲ. ಮಣ್ಣು ಒಣಗಿದಾಗ ಬೇರು ಗೊಬ್ಬರ ಎಳ್ಕೊಳ್ಳಲ್ಲ, ಆಗ ಎಲೆ ಮೂಲಕ ಸ್ವಲ್ಪ ಕೊಡಬಹುದು. ಲೀಟರ್ ನೀರಿಗೆ 20 ಗ್ರಾಂ ಯೂರಿಯಾ, ಅಂದ್ರೆ ಶೇ. 2ರ ದ್ರಾವಣ. ಎಕರೆಗೆ 200 ಲೀಟರ್ ಹೊಡೆದ್ರೂ ಬೇಕಾಗೋದು 4 ಕೆಜಿ. 45 ಕೆಜಿ ಚೀಲಕ್ಕೆ 266.50 ರೂ. ಲೆಕ್ಕದಲ್ಲಿ ಅದರ ಖರ್ಚು 25 ರೂ. ಒಳಗೆ. ಲೀಟರ್‌ಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕೊಟ್ರೆ ಗಿಡ ತನ್ನಲ್ಲಿರೋ ನೀರನ್ನು ಜೋಪಾನ ಮಾಡಿಕೊಳ್ಳೋಕೆ ನೆರವಾಗುತ್ತೆ. ಸೂರ್ಯಕಾಂತಿಗೆ ತೆನೆಯ ಹಳದಿ ಎಸಳು ಬಿಚ್ಚೋ ಹೊತ್ತಲ್ಲಿ ಲೀಟರ್‌ಗೆ 2 ಗ್ರಾಂ ಬೋರಾಕ್ಸ್ ಕೊಟ್ರೆ ಕಾಳು ಚೆನ್ನಾಗಿ ತುಂಬುತ್ತೆ.

ಹೊಡೆಯೋದು ಬೆಳಗ್ಗೆ ಇಲ್ಲ ಸಂಜೆ. ಸುಡುಬಿಸಿಲಲ್ಲಿ ಹೊಡೆದ್ರೆ, ಪ್ರಮಾಣ ಜಾಸ್ತಿ ಮಾಡಿದ್ರೆ ಎಲೆ ಸುಟ್ಟುಹೋಗುತ್ತೆ. ಪೂರ್ತಿ ಒಣಗಿದ ಗಿಡಕ್ಕೆ ಯಾವ ಸಿಂಪಡಣೆಯೂ ಜೀವ ಕೊಡಲ್ಲ. ಒಂದೆರಡು ವಾರ ಮಳೆ ತಪ್ಪಿದಾಗ ಪೈರು ಜೀವ ಹಿಡ್ಕೊಳ್ಳೋಕೆ ಅಷ್ಟೇ ಇದು ಆಸರೆ.

ಅಂಗಡಿಯವರ ಪಾಲು

ಜೈವಿಕ ಪ್ರಚೋದಕ ಅನ್ನೋ ಹೆಸರಿನ ಬಾಟ್ಲಿಗಳನ್ನು 2021ರಲ್ಲಿ ಕೇಂದ್ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಹಿಂದೆ ಸುಮಾರು 30 ಸಾವಿರ ಉತ್ಪನ್ನ ಹೇಳೋರು ಕೇಳೋರಿಲ್ಲದೆ ಮಾರಾಟವಾಗ್ತಿದ್ದವು, ಬಿಗಿ ಮಾಡಿದ ಮೇಲೆ ಸುಮಾರು 650ಕ್ಕೆ ಇಳಿದಿವೆ ಅಂತ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ 2025ರ ಜುಲೈನಲ್ಲಿ ಹೇಳಿದರು. ಯೂರಿಯಾ, ಡಿಎಪಿ ಜೊತೆ ಬಾಟ್ಲಿಯನ್ನು ಬಲವಂತವಾಗಿ ಗಂಟುಹಾಕೋದನ್ನು ನಿಲ್ಲಿಸಿ ಅಂತ ರಾಜ್ಯಗಳಿಗೆ ಪತ್ರವನ್ನೂ ಬರೆದರು.

ಈ ವಿಷಯದಲ್ಲಿ ಅಂಗಡಿಯವರನ್ನೇ ದೂರೋದೂ ಸರಿಯಲ್ಲ. ಮೇಲಿನಿಂದ ಲೋಡ್ ಜೊತೆ ಬಾಟ್ಲಿ ಬಂದ್ರೆ ಅವರೂ ಸಿಕ್ಕಿಹಾಕ್ಕೊಳ್ತಾರೆ. ಆದ್ರೆ ಬಾಟ್ಲಿ ಹೊಡೆದು ಬೆಳೆ ಬಾರದಿದ್ರೆ ಸಾಲ ವಾಪಸ್ ಬರದೇ ಇರೋದೂ ಅದೇ ಅಂಗಡಿಗೆ. ರೈತನ ಕಡೆಯಿಂದ ಆಗಬೇಕಾದ್ದು ಒಂದೇ: ಬಿಲ್ ಕೇಳಿ ಪಡೆಯೋದು.

ಬಿತ್ತನೆಗೆ ಮುಂಚೆ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ ಅಥವಾ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಮಣ್ಣು ಪರೀಕ್ಷೆ ಮಾಡಿಸಿದ್ರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತೆ. ಇಲಾಖೆ ಕಡೆಯಿಂದ ಆಗಬೇಕಾದ್ದೂ ಇದೆ. ಜಿಪ್ಸಂ, ಸೂಪರ್ ಎರಡೂ ಹೊತ್ತಿಗೆ ಸರಿಯಾಗಿ ಹೋಬಳಿಗೆ ಬರಬೇಕು. ಕಡ್ಲೆಕಾಯಿ ಕೀಳೋ ಹೊತ್ತಿಗೆ ಜಿಪ್ಸಂ ಬಂದ್ರೆ, ಅದನ್ನ ಹಾಕೋಕೆ ಹೊಲದಲ್ಲಿ ಏನೂ ಉಳಿದಿರಲ್ಲ.