ಅಪ್ಪನ ಕಾಲುನೋವು ಮತ್ತು ಕೊಲೆಸ್ಟರಾಲ್ ಮಾತ್ರೆ

ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಮಾತ್ರೆ ಡಬ್ಬಿ ಕಣ್ಣಿಗೆ ಬಿತ್ತು. ಅಟೊರ್ವಾಸ್ಟಾಟಿನ್‌ನ ಮೂರು ಸ್ಟ್ರಿಪ್ ಹಾಗೇ ಇದ್ದವು, ಒಂದೂ ಒಡೆದಿರಲಿಲ್ಲ. ಕೇಳಿದರೆ "ಅದು ತಗೊಂಡ್ರೆ ಕಾಲು ನೋಯುತ್ತೆ ಮಾರಾಯ, ಬೆಳ್ಳುಳ್ಳಿ ತಿಂತಾ ಇದೀನಲ್ಲ" ಅಂದರು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರು! ರಕ್ತ ಪರೀಕ್ಷೆ ಮಾಡಿಸಿದರೆ ಮೊದಲು 66 ಇದ್ದ ಎಲ್‌ಡಿಎಲ್ 138ಕ್ಕೆ ಏರಿತ್ತು.

"ಇದು ಬೇಡ, ಬೇರೆ ಯಾವುದಾದ್ರೂ ಮಾತ್ರೆ ನೋಡು" ಅಂತ ಅಪ್ಪನ ಹಟ. ಆ ರಾತ್ರಿ ಓದಲು ಕೂತವನಿಗೆ ಅನ್ನಿಸಿದ್ದು ಇಷ್ಟು: "ಬೇರೆ ಯಾವುದು?" ಅನ್ನುವುದು ಎರಡನೇ ಪ್ರಶ್ನೆ. ನೋವು ನಿಜವಾಗಿಯೂ ಈ ಮಾತ್ರೆಯದ್ದೇನಾ ಅನ್ನುವುದು ಮೊದಲನೆಯದು.

ಬಗ್ ಹುಡುಕುವಾಗ ನಾವು ಹಾಗೇ ಅಲ್ಲವೇ ಮಾಡೋದು? ಲಂಡನ್ನಿನ ಇಂಪೀರಿಯಲ್ ಕಾಲೇಜಿನವರೂ ಅದನ್ನೇ ಮಾಡಿದರು. 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಅನ್ನುವ ಪ್ರಯೋಗದಲ್ಲಿ, ತೊಂದರೆ ಆಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಡಮ್ಮಿ ಮಾತ್ರೆ ಕೊಟ್ಟರು, ಕೆಲವು ತಿಂಗಳು ಏನೂ ಕೊಡಲಿಲ್ಲ. ಸ್ಟಾಟಿನ್ ತಿಂಗಳಲ್ಲಿ ಕಂಡ ತೊಂದರೆಯ ಶೇಕಡಾ 90ರಷ್ಟು ಡಮ್ಮಿ ಮಾತ್ರೆಯಲ್ಲೂ ಕಂಡಿತು! ನೋವು ಸುಳ್ಳಲ್ಲ. ಆದರೆ ಅದರ ಬಹುಪಾಲು ಔಷಧದ್ದಲ್ಲ, ಮಾತ್ರೆ ನುಂಗುತ್ತಿದ್ದೇನೆ ಅನ್ನೋ ಆತಂಕದ್ದು. ಫಲಿತಾಂಶ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು.

ಹಾಗಂತ ನಿಜವಾಗಿ ಒಗ್ಗದವರು ಇಲ್ಲವೇ ಇಲ್ಲ ಅಂತಲ್ಲ. ಅಂಥವರಿಗೆ ಬೇರೆ ದಾರಿಗಳಿವೆ, ಆದರೆ ಎಲ್ಲವೂ ಸಮ ಅಲ್ಲ.

ಎಜೆಟಿಮೈಬ್ ಕರುಳಿನಲ್ಲಿ ಕೊಲೆಸ್ಟರಾಲ್ ಹೀರುವುದನ್ನು ತಡೆಯುತ್ತದೆ. ಒಂಟಿಯಾಗಿ ಎಲ್‌ಡಿಎಲ್ ಇಳಿಸುವುದು ಶೇಕಡಾ 20ರ ಆಸುಪಾಸು ಅಷ್ಟೆ. ಆದರೆ ಜೊತೆಗಾರನಾಗಿ ಒಳ್ಳೆಯದು. ಸ್ಟಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಸಿಗುವುದು ಇನ್ನೊಂದು ಶೇಕಡಾ 6 ಇಳಿಕೆ ಮಾತ್ರ. 2022ರಲ್ಲಿ ಕೊರಿಯಾದ ರೇಸಿಂಗ್ ಪ್ರಯೋಗ ರೋಸುವಾಸ್ಟಾಟಿನ್ 20 ಮಿಲಿಗ್ರಾಂ ಒಂದನ್ನೇ ಕೊಡುವುದನ್ನೂ, 10ರ ಜೊತೆ ಎಜೆಟಿಮೈಬ್ ಸೇರಿಸುವುದನ್ನೂ ಹೋಲಿಸಿತು. ಹೃದಯದ ರಕ್ಷಣೆಯಲ್ಲಿ ಜೋಡಿ ಹಿಂದೆ ಬೀಳಲಿಲ್ಲ. ಒಗ್ಗದೆ ಬಿಟ್ಟವರು ಅಥವಾ ಡೋಸ್ ಇಳಿಸಿಕೊಂಡವರು ಜೋಡಿಯಲ್ಲಿ ಶೇಕಡಾ 4.8, ಒಂಟಿಯಲ್ಲಿ 8.2.

ಬೆಂಪೆಡೋಯಿಕ್ ಆಸಿಡ್ ಯಕೃತ್ತಿನಲ್ಲಿ ಮಾತ್ರ ಚುರುಕಾಗುತ್ತದೆ, ಸ್ನಾಯುವಿನಲ್ಲಲ್ಲ. ಸ್ಟಾಟಿನ್ ಒಗ್ಗದ ಸುಮಾರು 14 ಸಾವಿರ ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ಅನಾಹುತಗಳು ಶೇಕಡಾ 13 ಕಡಿಮೆಯಾದವು. ಆದರೆ ಗೌಟ್ ಸ್ವಲ್ಪ ಹೆಚ್ಚಿತು. ಅಪ್ಪನಿಗೆ ಯೂರಿಕ್ ಆಸಿಡ್ ಮೊದಲೇ ಜಾಸ್ತಿ! ಎವೊಲೊಕುಮ್ಯಾಬ್, ಇನ್‌ಕ್ಲಿಸಿರಾನ್‌ನಂಥ ಇಂಜೆಕ್ಷನ್‌ಗಳು ಎಲ್‌ಡಿಎಲ್ ಅರ್ಧಕ್ಕಿಂತ ಕೆಳಗೂ ತರಬಲ್ಲವು, ನಮ್ಮಂಥವರ ಜೇಬನ್ನೂ :)

ಬೆಳ್ಳುಳ್ಳಿ? ಸ್ಪೋರ್ಟ್ ಎಂಬ 2022ರ ಪ್ರಯೋಗದಲ್ಲಿ ಕೇವಲ 5 ಮಿಲಿಗ್ರಾಂ ರೋಸುವಾಸ್ಟಾಟಿನ್ 28 ದಿನದಲ್ಲಿ ಎಲ್‌ಡಿಎಲ್ಲನ್ನು ಸುಮಾರು ಶೇಕಡಾ 38 ಇಳಿಸಿತು. ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ ಮಾತ್ರೆಗಳು ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಒಗ್ಗರಣೆಗೆ ಇರಲಿ ಬಿಡಿ.

ಇನ್ನೊಂದು ಮಾತು. ಬರೀ ನಂಬರ್ ನೋಡಿ ಔಷಧಿ ಆರಿಸಬಾರದು. ಟಾರ್ಸೆಟ್ರಾಪಿಬ್ ಅನ್ನುವ ಮಾತ್ರೆ ಒಳ್ಳೆಯ ಕೊಲೆಸ್ಟರಾಲ್ ಏರಿಸುತ್ತಿತ್ತು, ಕೆಟ್ಟದ್ದನ್ನು ಇಳಿಸುತ್ತಿತ್ತು. ಆದರೂ ಅದನ್ನು ತಗೊಂಡವರಲ್ಲೇ ಹೆಚ್ಚು ಸಾವು ಕಂಡಿದ್ದರಿಂದ 2006ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಸರ್ವರ್ ಡೌನ್! ಅದಕ್ಕೇ ಡಾಕ್ಟರ್ ಹತ್ತಿರ "ಎಷ್ಟು ಇಳಿಯುತ್ತೆ?" ಅನ್ನುವುದರ ಜೊತೆ "ಇದರಿಂದ ಹಾರ್ಟ್ ಅಟ್ಯಾಕ್ ಕಡಿಮೆಯಾಗಿದ್ದು ಸಾಬೀತಾಗಿದೆಯಾ?" ಅಂತಲೂ ಕೇಳಿ.

ಡಾಕ್ಟರ್ ಥೈರಾಯ್ಡ್, ವಿಟಮಿನ್ ಡಿ, ಸ್ನಾಯುವಿನ ಸಿಕೆ ಎಲ್ಲ ನೋಡಿ, ರೋಸುವಾಸ್ಟಾಟಿನ್ 10 ಮತ್ತು ಎಜೆಟಿಮೈಬ್ ಜೋಡಿ ಬರೆದರು. ತೀವ್ರ ಸ್ನಾಯು ನೋವು ಅಥವಾ ಗಾಢ ಬಣ್ಣದ ಮೂತ್ರ ಬಂದರೆ ತಕ್ಷಣ ಬನ್ನಿ ಅಂದರು. ನಾನು ಒಂದು ನೋಟ್‌ಬುಕ್ ಕೊಟ್ಟು, ನೋವು ಬಂದ ದಿನ ಬರೆದಿಡಿ ಅಂದೆ. ಎರಡು ತಿಂಗಳಾದ ಮೇಲೆ ಎಲ್‌ಡಿಎಲ್ 59. ನೋವು ಪೂರ್ತಿ ಹೋಗಿಲ್ಲ. ಆದರೆ ಬರೆದಿಟ್ಟ ದಿನಗಳಲ್ಲಿ ಹೆಚ್ಚಿನವು ತೋಟದ ಗುಡ್ಡ ಹತ್ತಿಳಿದ ದಿನಗಳು ಅಂತ ಅಪ್ಪನೇ ಪತ್ತೆ ಹಚ್ಚಿದ್ದಾರೆ.

ಸಾಧ್ಯವಾದರೆ ಈ ವಾರ ನಿಮ್ಮ ಅಪ್ಪ ಅಮ್ಮನ ಮಾತ್ರೆ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ. ಬೈಯಬೇಡಿ, ಯಾಕೆ ಬಿಟ್ಟರು ಅಂತ ಕೇಳಿ.